ಬಾಣಂತಿಯ ನೋವಿಗೆ ಯಾವ ಮಾತ್ರೆ? ಸ್ಟ್ರಿಪ್ ಓದುವುದರಿಂದ ಹಿಡಿದು ಮಾತ್ರೆ ಬಿಡುವವರೆಗೆ

ಶಿವಮೊಗ್ಗದ ಯಾವುದೇ ಮೆಡಿಕಲ್ ಶಾಪಿನ ಮುಂದೆ ಸ್ವಲ್ಪ ಹೊತ್ತು ನಿಂತರೆ ಈ ಮಾತು ಕಿವಿಗೆ ಬೀಳುತ್ತದೆ: "ಬಾಣಂತಿಗೆ ನೋವಿನ ಮಾತ್ರೆ ಕೊಡಿ. ಹಾಲು ಕುಡಿಸ್ತಾಳೆ, ಜಾಸ್ತಿ ಪವರ್‌ದು ಬೇಡ." ಕೇಳುವವರು ಹೆಚ್ಚಾಗಿ ಗಂಡ, ಇಲ್ಲವೇ ಅಪ್ಪ. ನೋವು ಎಲ್ಲಿ, ಹೆರಿಗೆ ಹೇಗಾಯಿತು, ಬಿಪಿ ಇತ್ತಾ ಅಂತ ವಾಪಸ್ ಕೇಳಿದರೆ ಅವರಿಗೆ ಗೊತ್ತಿರುವುದಿಲ್ಲ. ಮನೆಗೆ ಫೋನ್ ಮಾಡಿದರೆ ತೀರ್ಥಹಳ್ಳಿ ದಾಟಿದ ಮೇಲೆ ನೆಟ್‌ವರ್ಕ್ ಇರುವುದಿಲ್ಲ. ಕೊನೆಗೆ ಯಾವುದೋ ಒಂದು ಸ್ಟ್ರಿಪ್ ಜೇಬಿಗೆ ಸೇರುತ್ತದೆ.

ಮಾತ್ರೆಗಳಲ್ಲಿ "ಪವರ್" ಅಂತ ಒಂದೇ ಅಳತೆ ಇಲ್ಲ. ಒಂದೊಂದು ಮಾತ್ರೆ ಒಂದೊಂದು ದಾರಿಯಲ್ಲಿ ಕೆಲಸ ಮಾಡುತ್ತದೆ. ಬಾಣಂತಿಗೆ ಹೆಚ್ಚಿನ ಸಲ ಎರಡೇ ಔಷಧ ಸಾಕು: ಪ್ಯಾರಸಿಟಮಾಲ್ ಮತ್ತು ಐಬುಪ್ರೊಫೆನ್. ಎರಡೂ ಹಳೆಯವು, ಅಗ್ಗದವು, ಹಾಲೂಡಿಸುವಾಗ ತೆಗೆದುಕೊಳ್ಳಬಹುದಾದವು. ಉಳಿದವೆಲ್ಲ ಈ ಎರಡು ಸಾಲದಿದ್ದಾಗ ಅಥವಾ ಹೊಂದದಿದ್ದಾಗ ಮಾತ್ರ. ಹಾಗಂತ ಹೆರಿಗೆ ಮಾಡಿಸಿದ ಡಾಕ್ಟರ್ ಚೀಟಿಯಲ್ಲಿ ಬೇರೆ ಬರೆದಿದ್ದರೆ ಆ ಚೀಟಿಯೇ ದೊಡ್ಡದು. ಅವರಿಗೆ ನಿಮ್ಮ ರಕ್ತ ಪರೀಕ್ಷೆ, ಬಿಪಿ ಎಲ್ಲ ಗೊತ್ತಿರುತ್ತದೆ. ಇಲ್ಲಿ ಬರೆದಿರುವುದು ಆ ಚೀಟಿ ಅರ್ಥವಾಗಲಿ, ಸರಿಯಾದ ಪ್ರಶ್ನೆ ಕೇಳಲು ಬರಲಿ ಅಂತ.

ಹಂತ 1: ನೋವು ಯಾವುದು ಅಂತ ಗುರುತಿಸಿ

ಬಾಣಂತಿಗೆ "ಮೈ ಕೈ ನೋವು" ಅಂದರೆ ಸಾಲದು. ಮುಖ್ಯವಾಗಿ ನಾಲ್ಕು ಬಗೆಯ ನೋವು ಬರುತ್ತದೆ.

ಮೊದಲನೆಯದು ಹೊಟ್ಟೆ ಹಿಂಡುವ ನೋವು. ಕೂಸು ಮೊಲೆ ಚೀಪಿದಾಗ ತಾಯಿಯ ದೇಹದಲ್ಲಿ ಆಕ್ಸಿಟೋಸಿನ್ ಹಾರ್ಮೋನು ಬರುತ್ತದೆ, ಗರ್ಭಕೋಶ ಬಿಗಿದುಕೊಂಡು ಚಿಕ್ಕದಾಗುತ್ತದೆ. ಅದಕ್ಕೇ ಹಾಲು ಕುಡಿಸಲು ಕೂತ ಕೂಡಲೇ ನೋವು ಶುರುವಾಗುವುದು. ಚೊಚ್ಚಲು ಹೆರಿಗೆಯಲ್ಲಿ ಇದು ಅಷ್ಟಾಗಿ ಗೊತ್ತಾಗದೇ ಇರಬಹುದು. ಎರಡನೆಯದರಲ್ಲಿ, ಮೂರನೆಯದರಲ್ಲಿ ಜಾಸ್ತಿ. "ಮೊದಲ ಸಲ ಹೀಗಿರಲಿಲ್ಲ, ಏನೋ ಎಡವಟ್ಟಾಗಿದೆ" ಅಂತ ಹೆದರುವವರು ಬಹಳ. ಸಾಮಾನ್ಯವಾಗಿ ಮೂರು ದಿನದಿಂದ ಒಂದು ವಾರದೊಳಗೆ ಇಳಿಯುತ್ತದೆ. ರಕ್ತಸ್ರಾವ ನಿಲ್ಲಿಸಲು ಮೆಥರ್ಜಿನ್ ಮಾತ್ರೆ ಕೊಟ್ಟಿದ್ದರೆ ಹಿಂಡುವುದು ಇನ್ನೂ ಹೆಚ್ಚು. ಆದರೆ ಅದನ್ನು ನೀವಾಗೇ ನಿಲ್ಲಿಸಬೇಡಿ.

ಎರಡನೆಯದು ಕೆಳಗಿನ ಹೊಲಿಗೆಯ ನೋವು. ಊತ, ಉರಿ, ಕೂರಲಾಗದ ಸಂಕಟ. ಮೂರನೆಯದು ಸಿಜೇರಿಯನ್ ಗಾಯದ ನೋವು. ಮೊದಲ ಎರಡು ಮೂರು ದಿನ ಜೋರು, ಆಮೇಲೆ ವಾರದಿಂದ ವಾರಕ್ಕೆ ಕಡಿಮೆ. ನಾಲ್ಕನೆಯದು ಹಾಲು ಕಟ್ಟಿ ಎದೆ ಗಟ್ಟಿಯಾಗುವ ನೋವು. ಸೊಂಟ, ಭುಜ, ಕುತ್ತಿಗೆ ನೋವು ಇವುಗಳ ಜೊತೆಗೇ ಬರುತ್ತದೆ, ಕೂಸನ್ನು ಬಗ್ಗಿ ಎತ್ತುವುದರಿಂದ.

ಬಗೆ ಗುರುತಿಸಿದರೆ ಮಾತ್ರೆ ಆರಿಸುವುದು ಅರ್ಧ ಮುಗಿದಂತೆ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೊರತಂದ ಬಾಣಂತಿ ಆರೈಕೆಯ ಶಿಫಾರಸುಗಳಲ್ಲಿ ಕೆಳಗಿನ ಹೊಲಿಗೆಯ ನೋವಿಗೆ ಮೊದಲ ಆಯ್ಕೆ ಪ್ಯಾರಸಿಟಮಾಲ್. ಗರ್ಭಕೋಶ ಹಿಂಡುವ ನೋವಿಗೆ ಐಬುಪ್ರೊಫೆನ್ ಗುಂಪಿನ ಮಾತ್ರೆ ಬಳಸಬಹುದು ಅಂತಿದೆ. ಕಾರಣ ಸರಳ. ಆ ಹಿಂಡುವಿಕೆಗೆ ಪ್ರೊಸ್ಟಾಗ್ಲ್ಯಾಂಡಿನ್ ಎಂಬ ರಾಸಾಯನಿಕದ ಕೈವಾಡವಿದೆ, ಐಬುಪ್ರೊಫೆನ್ ಅದು ತಯಾರಾಗುವುದನ್ನೇ ತಗ್ಗಿಸುತ್ತದೆ.

ಹಂತ 2: ಸ್ಟ್ರಿಪ್ ತಿರುಗಿಸಿ, ಸಣ್ಣ ಅಕ್ಷರ ಓದಿ

ಮುಂದೆ ದೊಡ್ಡದಾಗಿ ಬರೆದಿರುವುದು ಕಂಪನಿ ಇಟ್ಟ ಹೆಸರು. ಒಳಗಿರುವ ಔಷಧದ ಹೆಸರು ಹಿಂದುಗಡೆ ಸಣ್ಣ ಅಕ್ಷರದಲ್ಲಿ, ಪಕ್ಕದಲ್ಲಿ ಮಿಲಿಗ್ರಾಂ ಸಮೇತ ಇರುತ್ತದೆ. ಮೆಡಿಕಲ್‌ನವರು ಇದನ್ನು "ಸಾಲ್ಟ್" ಅನ್ನುತ್ತಾರೆ. "ಇದರಲ್ಲಿ ಯಾವ ಸಾಲ್ಟ್ ಇದೆ?" ಅಂತ ಕೇಳಿ. ಅವರು ಖುಷಿಯಿಂದಲೇ ಹೇಳುತ್ತಾರೆ.

ಇದು ಯಾಕೆ ಬೇಕು ಅಂದರೆ, ಹೆಸರು ಬೇರೆ ಬೇರೆ ಇದ್ದರೂ ಒಳಗೆ ಒಂದೇ ಇರುತ್ತದೆ. ಡೋಲೋ 650, ಕ್ಯಾಲ್ಪಾಲ್, ಕ್ರೋಸಿನ್ ಎಲ್ಲದರಲ್ಲೂ ಪ್ಯಾರಸಿಟಮಾಲ್. ಕಾಂಬಿಫ್ಲಾಮ್ ಮಾತ್ರೆಯಲ್ಲಿ ಐಬುಪ್ರೊಫೆನ್ 400 ಮಿಲಿಗ್ರಾಂ, ಜೊತೆಗೆ ಪ್ಯಾರಸಿಟಮಾಲ್ 325. ಜೀರೋಡಾಲ್-ಪಿಯಲ್ಲಿ ಅಸೆಕ್ಲೋಫೆನಾಕ್ 100, ಜೊತೆಗೆ ಅದೇ ಪ್ಯಾರಸಿಟಮಾಲ್ 325. ಅಲ್ಟ್ರಾಸೆಟ್‌ನಲ್ಲಿ ಟ್ರಮಡಾಲ್ ಜೊತೆ ಮತ್ತೆ ಪ್ಯಾರಸಿಟಮಾಲ್ 325.

ಈಗ ಲೆಕ್ಕ ಹಾಕಿ ನೋಡಿ. ಆಸ್ಪತ್ರೆಯವರು ಕಾಂಬಿಫ್ಲಾಮ್ ದಿನಕ್ಕೆ ಮೂರು ಬರೆದಿದ್ದಾರೆ ಅನ್ನಿ. ಸಂಜೆ ಮೈ ಬೆಚ್ಚಗಿದೆ ಅಂತ ಅಮ್ಮ ಡಬ್ಬಿಯಿಂದ ಡೋಲೋ 650 ತೆಗೆದುಕೊಡುತ್ತಾರೆ. ಅದೂ ದಿನಕ್ಕೆ ನಾಲ್ಕಾದರೆ 325ರ ಮೂರು ಸೇರಿ 975, 650ರ ನಾಲ್ಕು ಸೇರಿ 2600. ಒಟ್ಟು 3575 ಮಿಲಿಗ್ರಾಂ ಪ್ಯಾರಸಿಟಮಾಲ್! ದೊಡ್ಡವರಿಗೆ 24 ಗಂಟೆಯಲ್ಲಿ ಮೀರಬಾರದ ಮಿತಿ 4000 ಮಿಲಿಗ್ರಾಂ. ಅದರ ಹತ್ತಿರ ಬಂದುಬಿಟ್ಟಿರಿ. ತೂಕ 50 ಕಿಲೋಗಿಂತ ಕಡಿಮೆ ಇದ್ದರೆ ಈ ಮಿತಿ ಇನ್ನೂ ಕೆಳಗೆ. ಕಿಲೋಗೆ ದಿನಕ್ಕೆ 60 ಮಿಲಿಗ್ರಾಂ ಅಂತ ಇಟ್ಟುಕೊಂಡರೆ 45 ಕಿಲೋದವರಿಗೆ 2700 ಮಾತ್ರ. ನಮ್ಮ ಕಡೆ 45 ಕಿಲೋದ ಬಾಣಂತಿಯರೇನು ಅಪರೂಪವಲ್ಲ, ಅಲ್ವಾ? ಹೆಚ್ಚಾದ ಪ್ಯಾರಸಿಟಮಾಲ್ ಸದ್ದಿಲ್ಲದೆ ಲಿವರ್ ಕೆಡಿಸುತ್ತದೆ. ಮೊದಲ ದಿನ ಏನೂ ಗೊತ್ತಾಗದೇ ಇರಬಹುದು, ಅದೇ ಅದರ ಕೆಟ್ಟ ಗುಣ.

ಇನ್ನೊಂದು ತೊಂದರೆ ಕತ್ತರಿಸಿದ ಸ್ಟ್ರಿಪ್. ಹತ್ತರ ಸ್ಟ್ರಿಪ್‌ನಲ್ಲಿ ಮೂರು ಕೇಳಿದರೆ ಕತ್ತರಿ ಹಾಕಿ ಕೊಡುತ್ತಾರೆ. ಆ ತುಂಡಿನ ಹಿಂದೆ ಹೆಸರಿನ ಅರ್ಧ ಇರುತ್ತದೆ, ಮಿಲಿಗ್ರಾಂ ಇರುವುದಿಲ್ಲ, ಎಕ್ಸ್‌ಪೈರಿ ಇನ್ನೊಂದು ತುಂಡಿಗೆ ಹೋಗಿರುತ್ತದೆ. ಮನೆಯ ಡಬ್ಬಿಯಲ್ಲಿ ಇಂಥ ನಾಲ್ಕೈದು ತುಂಡು ಕೂಡಿದರೆ ಬಿಳಿ ಮಾತ್ರೆಗೂ ಬಿಳಿ ಮಾತ್ರೆಗೂ ವ್ಯತ್ಯಾಸ ಹೇಳುವವರು ಯಾರು? ಬಾಣಂತನದ ಮಟ್ಟಿಗಾದರೂ ಪೂರ್ತಿ ಸ್ಟ್ರಿಪ್ ತೆಗೆದುಕೊಳ್ಳಿ. ಜನೌಷಧಿ ಕೇಂದ್ರದಲ್ಲಾದರೆ ಇನ್ನೂ ಅಗ್ಗ. ಅಲ್ಲಿ ಸಿಗುವ ಸ್ಟ್ರಿಪ್‌ನ ಮೇಲೆ ಔಷಧದ ನಿಜವಾದ ಹೆಸರೇ ದೊಡ್ಡದಾಗಿ ಇರುವುದರಿಂದ ಗೊಂದಲವೂ ಕಡಿಮೆ.

ಚೀಟಿಯ ಭಾಷೆ ಗೊತ್ತಿಲ್ಲದವರಿಗೆ: 1-0-1 ಅಂದರೆ ಬೆಳಿಗ್ಗೆ ಒಂದು, ರಾತ್ರಿ ಒಂದು. ಬಿ.ಡಿ. (BD) ಅಂದರೆ ದಿನಕ್ಕೆ ಎರಡು ಸಲ, ಟಿಡಿಎಸ್ (TDS) ಅಂದರೆ ಮೂರು ಸಲ. ಎಸ್‌ಓಎಸ್ (SOS) ಅಂದರೆ ಬೇಕೆನಿಸಿದಾಗ ಮಾತ್ರ.

ಹಂತ 3: ಮಾತ್ರೆಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಿ

ಪ್ಯಾರಸಿಟಮಾಲ್. ನೋವು ಮತ್ತು ಜ್ವರ ಎರಡಕ್ಕೂ ಆಗುತ್ತದೆ. ಊತ ಇಳಿಸುವ ಗುಣ ಇದಕ್ಕೆ ಅಷ್ಟಾಗಿ ಇಲ್ಲ. 500 ಅಥವಾ 650 ಮಿಲಿಗ್ರಾಂ, ಆರು ಗಂಟೆಗೊಮ್ಮೆ. ಎರಡು ಡೋಸ್ ನಡುವೆ ಕನಿಷ್ಠ ನಾಲ್ಕು ಗಂಟೆ ಇರಲೇಬೇಕು. ಹೊಟ್ಟೆ ಉರಿಸುವುದಿಲ್ಲ, ರಕ್ತಸ್ರಾವ ಹೆಚ್ಚಿಸುವುದಿಲ್ಲ. ಹಾಲಿಗೆ ಹೋಗುವುದು ತುಂಬ ಕಡಿಮೆ. ಅಷ್ಟಕ್ಕೂ ಕೂಸಿಗೆ ಜ್ವರ ಬಂದರೆ ಡಾಕ್ಟರ್ ಬರೆಯುವ ಡ್ರಾಪ್ಸ್ ಇದೇ ಔಷಧ. ಹಾಲಿನ ಮೂಲಕ ಹೋಗುವುದು ಆ ಡ್ರಾಪ್ಸ್‌ಗಿಂತ ಎಷ್ಟೋ ಕಡಿಮೆ. ಲಿವರ್ ತೊಂದರೆ ಇದ್ದವರು ಮಾತ್ರ ಕೇಳದೆ ತೆಗೆದುಕೊಳ್ಳಬಾರದು.

ಐಬುಪ್ರೊಫೆನ್. ಬ್ರೂಫೆನ್ ಅಂದರೆ ಹೆಚ್ಚು ಜನರಿಗೆ ಗೊತ್ತು. ನೋವಿನ ಜೊತೆ ಊತವನ್ನೂ ಇಳಿಸುತ್ತದೆ. ಹಿಂಡು ನೋವಿಗೆ, ಊದಿದ ಹೊಲಿಗೆಗೆ, ಹಾಲು ಕಟ್ಟಿದ ಎದೆಗೆ ಇದು ಪ್ಯಾರಸಿಟಮಾಲ್‌ಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ ಅನ್ನುವುದು ನನ್ನ ಅಭಿಪ್ರಾಯ. ಸಾಮಾನ್ಯವಾಗಿ 400 ಮಿಲಿಗ್ರಾಂ, ಆರರಿಂದ ಎಂಟು ಗಂಟೆಗೊಮ್ಮೆ, ಊಟ ತಿಂಡಿಯ ನಂತರ. ಡಾಕ್ಟರ್ ಹೇಳದೆ ದಿನಕ್ಕೆ 1200 ಮೀರಬೇಡಿ. ತಾಯಿ ತೆಗೆದುಕೊಂಡದ್ದರಲ್ಲಿ ಹಾಲಿನ ಮೂಲಕ ಕೂಸಿಗೆ ಸೇರುವ ಪಾಲು, ತೂಕಕ್ಕೆ ಹೊಂದಿಸಿ ನೋಡಿದರೂ ಶೇಕಡಾ 1ಕ್ಕಿಂತ ಕಡಿಮೆ. ದೇಹದಿಂದಲೂ ಬೇಗ ಹೊರಹೋಗುತ್ತದೆ. ಯಾರಿಗೆ ಬೇಡ ಅನ್ನುವ ಪಟ್ಟಿ ಮಾತ್ರ ಇದಕ್ಕೆ ಉದ್ದ, ಅದನ್ನು ಮುಂದಿನ ಹಂತದಲ್ಲಿ ನೋಡೋಣ.

ಡೈಕ್ಲೋಫೆನಾಕ್. ಐಬುಪ್ರೊಫೆನ್‌ನ ದಾಯಾದಿ. ವೊವೆರಾನ್ ಅನ್ನುವುದು ಇದರ ಪರಿಚಿತ ಹೆಸರು. ಸಿಜೇರಿಯನ್ ಆದ ಮೇಲೆ ಗುದದ್ವಾರದಲ್ಲಿ ಇಡುವ 100 ಮಿಲಿಗ್ರಾಂ ಮಾತ್ರೆ ಹೆಚ್ಚಾಗಿ ಇದೇ. ಹಾಲಿಗೆ ಹೋಗುವುದು ಕಡಿಮೆ, ಕೆಲವು ದಿನದ ಮಟ್ಟಿಗೆ ನಡೆಯುತ್ತದೆ. ದಿನದ ಮಿತಿ 150 ಮಿಲಿಗ್ರಾಂ. ಕೆಳಗಿನಿಂದ ಇಟ್ಟದ್ದೂ ಈ ಲೆಕ್ಕಕ್ಕೆ ಸೇರುತ್ತದೆ. ಅದು ಬಾಯಿಂದ ನುಂಗಿದ್ದಲ್ಲ ಅಂತ ಮರೆತು ಮೇಲೊಂದು ಮಾತ್ರೆ ಕೊಡುವುದು ಸುಲಭ.

ಅಸೆಕ್ಲೋಫೆನಾಕ್. ನಮ್ಮಲ್ಲಿ ಧಾರಾಳವಾಗಿ ಬರೆಯುವ ಮಾತ್ರೆ, ಹೆಚ್ಚಾಗಿ ಪ್ಯಾರಸಿಟಮಾಲ್ ಜೊತೆ ಸೇರಿಸಿ. ಹಾಲೂಡಿಸುವ ತಾಯಂದಿರಲ್ಲಿ ಇದರ ಅಧ್ಯಯನ ಕಡಿಮೆ. ಡಾಕ್ಟರ್ ಬರೆದಿದ್ದರೆ ಹೆದರಿ ಬಿಸಾಡಬೇಕಿಲ್ಲ. ನೀವೇ ಆರಿಸುವುದಾದರೆ ಐಬುಪ್ರೊಫೆನ್ ಇರುವಾಗ ಇದು ಯಾಕೆ? ಇದರ ಜೊತೆ ಊತಕ್ಕೆ ಅಂತ ಸೆರಾಶಿಯೋಪೆಪ್ಟಿಡೇಸ್ ಸೇರಿಸಿದ ಮಾತ್ರೆಗಳೂ ಬರುತ್ತವೆ. ಅದರಿಂದ ಆಗುವ ಲಾಭಕ್ಕೆ ಗಟ್ಟಿ ಪುರಾವೆ ಇಲ್ಲ, ಬಿಲ್ ಮಾತ್ರ ಏರುತ್ತದೆ.

ಮೆಫೆನಾಮಿಕ್ ಆಸಿಡ್. ಮುಟ್ಟಿನ ನೋವಿಗೆ ಅಂತ ಬಹಳ ಮನೆಗಳಲ್ಲಿ ಮೆಫ್ಟಾಲ್-ಸ್ಪಾಸ್ ಇಟ್ಟಿರುತ್ತಾರೆ. "ಅದೂ ಹೊಟ್ಟೆ ನೋವು, ಇದೂ ಹೊಟ್ಟೆ ನೋವು" ಅಂತ ಬಾಣಂತಿಗೂ ಕೊಡುತ್ತಾರೆ. ಇಲ್ಲಿ ನಿಲ್ಲಿ. ಆ "ಸ್ಪಾಸ್" ಭಾಗದಲ್ಲಿ ಇರುವುದು ಡೈಸೈಕ್ಲೋಮಿನ್. ಹಾಲೂಡಿಸುವವರಿಗೆ ಅದು ಬೇಡ. ಎಳೆಗೂಸುಗಳಲ್ಲಿ ಉಸಿರಾಟದ ತೊಂದರೆ ಕಂಡುಬಂದ ಔಷಧ ಅದು, ಹಾಲನ್ನೂ ಕಡಿಮೆ ಮಾಡಬಹುದು. ಸೈಕ್ಲೋಪಾಮ್‌ನಲ್ಲೂ ಅದೇ ಇದೆ.

ನಿಮೆಸುಲೈಡ್. ನೈಸ್, ನಿಸಿಪ್ ಹೆಸರಿನಲ್ಲಿ ಬರುತ್ತದೆ. ಲಿವರ್‌ಗೆ ತೊಂದರೆ ಕೊಡುವ ಕಾರಣಕ್ಕೆ 2011ರಲ್ಲಿ ನಮ್ಮ ದೇಶದಲ್ಲಿ 12 ವರ್ಷದೊಳಗಿನ ಮಕ್ಕಳಿಗೆ ಇದನ್ನು ನಿಷೇಧಿಸಿದರು. ಮಕ್ಕಳಿಗೇ ಬೇಡ ಅಂದದ್ದನ್ನು ಕೂಸಿಗೆ ಹಾಲೂಡಿಸುವವರು ತೆಗೆದುಕೊಳ್ಳುವ ಅಗತ್ಯ ಇಲ್ಲ.

ಆಸ್ಪಿರಿನ್. ನೋವಿನ ಡೋಸ್‌ನಲ್ಲಿ ಬೇಡ. ಡಿಸ್ಪ್ರಿನ್ ಮನೆಯಲ್ಲಿದ್ದರೆ ಬಾಣಂತಿಯ ಡಬ್ಬಿಯಿಂದ ಆಚೆ ಇಡಿ. ಬೇರೆ ಕಾರಣಕ್ಕೆ ಡಾಕ್ಟರ್ ಬರೆದ 75 ಅಥವಾ 150 ಮಿಲಿಗ್ರಾಂ ಮಾತ್ರೆಯ ಕತೆ ಬೇರೆ, ಅದನ್ನು ಅವರನ್ನೇ ಕೇಳಿ.

ಟ್ರಮಡಾಲ್ ಮತ್ತು ಕೊಡೀನ್. ಇವು ಅಫೀಮಿನ ಬಳಗ. ಕೆಲವರ ದೇಹ ಇವನ್ನು ತೀರಾ ವೇಗವಾಗಿ ಬಲವಾದ ರೂಪಕ್ಕೆ ಬದಲಿಸುತ್ತದೆ. ಅದು ಹಾಲಿಗೆ ಸೇರಿ ಕೂಸು ವಿಪರೀತ ಮಂಪರಿಗೆ ಹೋಗಬಹುದು, ಉಸಿರು ನಿಧಾನವಾಗಬಹುದು. ನಿಮ್ಮ ದೇಹ ಆ ಬಗೆಯದೋ ಅಲ್ಲವೋ ಅಂತ ಹೊರಗಿನಿಂದ ತಿಳಿಯುವುದಿಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2017ರಲ್ಲಿ ಹಾಲೂಡಿಸುವಾಗ ಇವೆರಡೂ ಬೇಡ ಅಂತ ಎಚ್ಚರಿಕೆ ಕೊಟ್ಟಿತು. ನಮ್ಮಲ್ಲೂ 2018ರಿಂದ ಟ್ರಮಡಾಲ್ ಮಾದಕ ವಸ್ತು ಕಾನೂನಿನ ಅಡಿ ಬಂದಿದೆ. ಸಿಜೇರಿಯನ್ ಆದ ಒಂದೆರಡು ದಿನ ಆಸ್ಪತ್ರೆಯಲ್ಲಿ ಕಣ್ಣೆದುರೇ ಕೊಟ್ಟರೆ ನೋಡಿಕೊಳ್ಳಲು ನರ್ಸ್ ಇರುತ್ತಾರೆ. ಮನೆಗೆ ಬರೆದುಕೊಟ್ಟರೆ "ಹಾಲು ಕುಡಿಸುತ್ತೇನೆ, ಬದಲಿ ಇದೆಯಾ?" ಅಂತ ಕೇಳಿ. ಚೀಟಿ ಇಲ್ಲದೆ ಯಾರೇ ಕೊಟ್ಟರೂ ತೆಗೆದುಕೊಳ್ಳಬೇಡಿ.

ಹಂತ 4: "ನನಗೆ ಇದು ಬೇಡವಾ?" ಅಂತ ಪರೀಕ್ಷಿಸಿಕೊಳ್ಳಿ

ಐಬುಪ್ರೊಫೆನ್, ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ಮೆಫೆನಾಮಿಕ್ ಇವೆಲ್ಲ ಒಂದೇ ಗುಂಪು. ಒಂದು ತೆಗೆದುಕೊಂಡರೆ ಇನ್ನೊಂದು ಬೇಡ. ಎರಡು ಸೇರಿದರೆ ನೋವು ಎರಡರಷ್ಟು ಇಳಿಯುವುದಿಲ್ಲ, ಹೊಟ್ಟೆ ಮತ್ತು ಕಿಡ್ನಿಗೆ ಏಟು ಮಾತ್ರ ಎರಡರಷ್ಟು.

ಹೊಟ್ಟೆಹುಣ್ಣು ಇದ್ದವರು, ಕಿಡ್ನಿ ತೊಂದರೆ ಇದ್ದವರು, ನೋವಿನ ಮಾತ್ರೆ ನುಂಗಿ ಹಿಂದೆ ಉಬ್ಬಸ ಎದ್ದವರು ಈ ಗುಂಪಿನಿಂದ ದೂರ ಇರಬೇಕು. ಹೆರಿಗೆಯಲ್ಲಿ ರಕ್ತ ಬಹಳ ಹೋಗಿದ್ದರೆ, ಪ್ಲೇಟ್‌ಲೆಟ್ ಕಡಿಮೆ ಇದ್ದರೆ, ರಕ್ತ ಹೆಪ್ಪುಗಟ್ಟದ ಹಾಗೆ ಹೊಟ್ಟೆಗೆ ಇಂಜೆಕ್ಷನ್ ಕೊಡುತ್ತಿದ್ದರೆ ಕೇಳದೆ ಶುರು ಮಾಡಬೇಡಿ. ಬಸುರಿಯಲ್ಲಿ ಬಿಪಿ ಏರಿದ್ದವರಿಗೆ ಡಾಕ್ಟರ್‌ಗಳು ಬಿಪಿ ನೋಡಿಕೊಂಡು ಇದನ್ನು ಕೊಡುವುದುಂಟು. ಆ ತೀರ್ಮಾನ ಅವರದು. ನೀವು ಮಾಡಬೇಕಾದ್ದು "ನನಗೆ ಬಿಪಿ ಇತ್ತು" ಅಂತ ಬಾಯಿಬಿಟ್ಟು ಹೇಳುವುದು.

ಇನ್ನು ಮಲೆನಾಡಿಗೇ ಸೇರಿದ ಒಂದು ಮಾತು. ಮಂಗನ ಕಾಯಿಲೆ ಮೊದಲು ಪತ್ತೆಯಾಗಿದ್ದು ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ, 1957ರಲ್ಲಿ. ಡಿಸೆಂಬರ್‌ನಿಂದ ಮೇ ತನಕ ಉಣುಗಿನ ಕಾಟ ಇರುವಾಗ ಅದರ ಭಯ. ಮಳೆ ಶುರುವಾದರೆ ಡೆಂಗಿ. ಗದ್ದೆ ಕೆಲಸದ ದಿನಗಳಲ್ಲಿ ಇಲಿಜ್ವರ. ಬಾಣಂತಿ ಕಾಡಿಗೆ ಹೋಗುವುದಿಲ್ಲ ಸರಿ, ಆದರೆ ತರಗೆಲೆ, ಸೌದೆ, ದನ ಮನೆ ಬಾಗಿಲಿಗೇ ಬರುತ್ತವೆ. ಈ ಜ್ವರಗಳಲ್ಲಿ ಪ್ಲೇಟ್‌ಲೆಟ್ ಇಳಿದು ರಕ್ತಸ್ರಾವ ಆಗಬಹುದು. ಅಂಥ ಹೊತ್ತಲ್ಲಿ ಐಬುಪ್ರೊಫೆನ್, ಡೈಕ್ಲೋಫೆನಾಕ್, ಆಸ್ಪಿರಿನ್ ತೆಗೆದುಕೊಂಡರೆ ಅಪಾಯ ಹೆಚ್ಚು. ಆದ್ದರಿಂದ ಜ್ವರ ಬಂತು ಅಂದರೆ ಈ ಗುಂಪಿನ ಮಾತ್ರೆ ನಿಲ್ಲಿಸಿ. ಪ್ಯಾರಸಿಟಮಾಲ್ ಮಾತ್ರ ಇಟ್ಟುಕೊಂಡು ಅದೇ ದಿನ ಆಸ್ಪತ್ರೆಗೆ ತೋರಿಸಿ. ಬಾಣಂತಿಯ ಜ್ವರ ಹೇಗೂ ಮನೆಯಲ್ಲಿ ಇಟ್ಟುಕೊಂಡು ಕೂರುವಂಥದ್ದಲ್ಲ.

ಹಂತ 5: ಗಂಟೆ ಹಾಕಿಕೊಂಡು ಕೊಡಿ

ಮೊದಲ ಎರಡು ಮೂರು ದಿನ "ತಡೆಯಲಾಗದಿದ್ದರೆ ಕೊಡೋಣ" ಅಂತ ಕಾಯಬೇಡಿ. ನೋವು ಏರಿದ ಮೇಲೆ ಇಳಿಸುವುದು ಕಷ್ಟ, ಏರದ ಹಾಗೆ ನೋಡಿಕೊಳ್ಳುವುದು ಸುಲಭ. ನೋವಿಲ್ಲದ ತಾಯಿ ಎದ್ದು ಓಡಾಡುತ್ತಾಳೆ, ಕೂಸಿಗೆ ಸರಿಯಾಗಿ ಕೂತು ಹಾಲು ಕೊಡುತ್ತಾಳೆ. ನೋವು ನುಂಗಿಕೊಂಡರೆ ಹಾಲು ಹೆಚ್ಚುವುದಿಲ್ಲ. "ನಾವೆಲ್ಲ ಮಾತ್ರೆ ಇಲ್ಲದೇ ಹೆತ್ತಿಲ್ವಾ" ಅನ್ನುವ ಅತ್ತೆಯಂದಿರಿಗೆ ಎದುರು ಮಾತು ಬೇಡ, ಸುಮ್ನೆ ನೀರು ತಂದುಕೊಡಿ ಅನ್ನಿ.

ಎರಡೂ ಮಾತ್ರೆ ಹೊಂದುವವರಿಗೆ ಒಂದು ದಿನ ಹೀಗಿರಬಹುದು. ಪ್ಯಾರಸಿಟಮಾಲ್ 650 ಬೆಳಿಗ್ಗೆ 6, ಮಧ್ಯಾಹ್ನ 12, ಸಂಜೆ 6, ರಾತ್ರಿ ಕೂಸಿಗೆ ಹಾಲು ಕೊಡಲು ಎದ್ದಾಗ 12. ಐಬುಪ್ರೊಫೆನ್ 400 ಬೆಳಿಗ್ಗೆ ತಿಂಡಿ ಆದ ಮೇಲೆ 8ಕ್ಕೆ, ಮಧ್ಯಾಹ್ನ ಊಟದ ನಂತರ 2ಕ್ಕೆ, ರಾತ್ರಿ ಊಟವಾಗಿ 9ಕ್ಕೆ. ಎರಡೂ ಬೇರೆ ಬೇರೆ ದಾರಿಯಲ್ಲಿ ಕೆಲಸ ಮಾಡುವುದರಿಂದ ಜೊತೆಗೆ ಕೊಡಬಹುದು. ಸಿಜೇರಿಯನ್ ಆದವರಿಗೆ ಈ ಜೋಡಿಯೇ ಬೆನ್ನೆಲುಬು. ಸಹಜ ಹೆರಿಗೆಯಾಗಿ ಹೊಲಿಗೆ ಸಣ್ಣದಿದ್ದರೆ ಪ್ಯಾರಸಿಟಮಾಲ್ ಒಂದೇ ಸಾಕಾಗಬಹುದು, ಹಿಂಡು ನೋವು ಜೋರಾದಾಗ ಐಬುಪ್ರೊಫೆನ್ ಸೇರಿಸಿದರಾಯಿತು.

ಕ್ಯಾಲೆಂಡರ್ ಹಾಳೆಯ ಹಿಂದೆ ಗಂಟೆ, ಮಾತ್ರೆ ಬರೆದು ಮಂಚದ ಪಕ್ಕ ಅಂಟಿಸಿ. ಕೊಟ್ಟ ಕೂಡಲೇ ಗೀಟು ಎಳೆಯಿರಿ. ನಿದ್ದೆಗೆಟ್ಟ ಮನೆಯಲ್ಲಿ "ನಾನು ಕೊಟ್ಟೆನಾ, ನೀನು ಕೊಟ್ಟೆಯಾ" ಅನ್ನುವ ಜಗಳ ಇದೊಂದರಿಂದ ತಪ್ಪುತ್ತದೆ.

ಡಿಸ್ಚಾರ್ಜ್ ದಿನ ಎರಡು ಕೆಲಸ ಮರೆಯಬೇಡಿ. "ಕೊನೆಯ ಡೋಸ್ ಎಷ್ಟು ಗಂಟೆಗೆ ಕೊಟ್ರಿ, ಯಾವುದು?" ಅಂತ ನರ್ಸ್ ಹತ್ತಿರ ಕೇಳಿ ಬರೆದುಕೊಳ್ಳಿ. ಇಲ್ಲದಿದ್ದರೆ ಮನೆಗೆ ಹೋದ ಕೂಡಲೇ ಇನ್ನೊಂದು ಕೊಟ್ಟುಬಿಡುತ್ತೀರಿ. ಎರಡನೆಯದು ಪ್ರಯಾಣ. ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಸುಮಾರು 60 ಕಿಲೋಮೀಟರ್, ತಿರುವು ಬೇರೆ. ಅಲ್ಲಿಂದ ಒಳಗಿನ ಊರಿಗೆ ಮಳೆಗಾಲದ ರಸ್ತೆ. ಹೊರಡುವ ಒಂದು ಗಂಟೆ ಮೊದಲು ಸರದಿಯ ಮಾತ್ರೆ ಬೀಳುವ ಹಾಗೆ ಹೊಂದಿಸಿಕೊಳ್ಳಿ. ಸಿಜೇರಿಯನ್ ಆದವರು ಹೊಟ್ಟೆಗೆ ದಿಂಬು ಒತ್ತಿ ಹಿಡಿದು ಕೂರಲಿ. ಊರಲ್ಲಿ ಮೆಡಿಕಲ್ ಶಾಪ್ ಇಲ್ಲದಿದ್ದರೆ ಒಂದು ವಾರಕ್ಕೆ ಬೇಕಾದಷ್ಟು ಪೇಟೆಯಲ್ಲೇ ತೆಗೆದುಕೊಳ್ಳಿ. ಆಷಾಢದ ಮಳೆಯಲ್ಲಿ ಮರ ಬಿದ್ದು ಬಸ್ ನಿಂತರೆ ಡೋಲೋ ಒಂದಕ್ಕಾಗಿ ಬೈಕ್ ಓಡಿಸುವ ಪಾಡು ಬೇಡ.

ಹಂತ 6: ನೀರು, ಬಿಸಿ, ತಂಪು, ಲೇಹ್ಯ

"ಬಾಣಂತಿ ನೀರು ಕುಡಿದರೆ ಹೊಟ್ಟೆ ಬರುತ್ತದೆ" ಅಂತ ಲೋಟ ಕಿತ್ತುಕೊಳ್ಳುವ ಪದ್ಧತಿ ಇನ್ನೂ ಇದೆ. ಬಾಣಂತನದ ಬಹಳಷ್ಟು ಪದ್ಧತಿಗಳ ಬಗ್ಗೆ ನನಗೆ ತಕರಾರಿಲ್ಲ. ಕಾಳುಮೆಣಸಿನ ಸಾರು, ಬೆಳ್ಳುಳ್ಳಿ, ಜೀರಿಗೆ ಕಷಾಯ, ಕುಚ್ಚಿಲಕ್ಕಿ ಗಂಜಿ ಎಲ್ಲ ಇರಲಿ. ಆದರೆ ಇದೊಂದನ್ನು ಬಿಡಲೇಬೇಕು. ಐಬುಪ್ರೊಫೆನ್ ಗುಂಪಿನ ಮಾತ್ರೆ ಕಿಡ್ನಿಗೆ ಹೋಗುವ ರಕ್ತವನ್ನು ಸ್ವಲ್ಪ ತಗ್ಗಿಸುತ್ತದೆ. ಮೈಯಲ್ಲಿ ನೀರಿದ್ದರೆ ಅದು ತೊಂದರೆಯಲ್ಲ. ಹಂಡೆಗಟ್ಟಲೆ ಬಿಸಿನೀರು ಹೊಯ್ದುಕೊಂಡು, ಹೊದ್ದು ಬೆವರಿ, ಹಾಲು ಕೊಟ್ಟು, ಮೇಲೆ ನೀರೂ ಇಲ್ಲದಿದ್ದರೆ ಕಿಡ್ನಿ ಸೋಲುತ್ತದೆ. ತಣ್ಣೀರು ಬೇಡ ಅಂದರೆ ಬಿಸಿನೀರನ್ನೇ ಕೊಡಿ, ಬಾಯಾರಿದಾಗಲೆಲ್ಲ ಕೊಡಿ. ಒಂದು ಕಡೆ ನೀರು ಬಿಗಿಹಿಡಿದು, ಇನ್ನೊಂದು ಕಡೆ ಕಬ್ಬಿಣದ ಮಾತ್ರೆ ನುಂಗಿಸಿದರೆ ಮಲಬದ್ಧತೆ ಗ್ಯಾರಂಟಿ. ತಿಣುಕಿದರೆ ಹೊಲಿಗೆ ಎಳೆಯುತ್ತದೆ, ಆಗ ಇನ್ನೊಂದು ನೋವಿನ ಮಾತ್ರೆ. ಸೊಪ್ಪು, ಹಣ್ಣು, ನೀರು ಸಾಲದಿದ್ದರೆ ಮಲ ಮೆತ್ತಗಾಗುವ ಔಷಧ ಕೇಳಿ ಪಡೆಯಿರಿ.

ಕೆಳಗಿನ ಹೊಲಿಗೆಗೆ ಮೊದಲ ಒಂದೆರಡು ದಿನ ತಂಪು ಒಳ್ಳೆಯದು. ಮಂಜುಗಡ್ಡೆಯನ್ನು ಶುದ್ಧ ಬಟ್ಟೆಯಲ್ಲಿ ಸುತ್ತಿ ಹತ್ತು ಹದಿನೈದು ನಿಮಿಷ ಇಡಿ, ನೇರವಾಗಿ ಚರ್ಮಕ್ಕೆ ಬೇಡ. ಬಾಣಂತಿಗೆ ತಂಪು ಸೋಕಬಾರದು ಅನ್ನುವ ಮನೆಯಲ್ಲಿ ಇದು ನಡೆಯುವುದು ಕಷ್ಟ, ಗೊತ್ತು. ವಿಶ್ವ ಆರೋಗ್ಯ ಸಂಸ್ಥೆಯ ಶಿಫಾರಸಿನಲ್ಲೇ ಇದೆ ಅಂತ ಹೇಳಿ ನೋಡಿ. ಆಮೇಲೆ ಟಬ್ಬಿನಲ್ಲಿ ಉಗುರುಬೆಚ್ಚಗಿನ ನೀರು ಹಾಕಿ ಕೂರುವುದು ಹಿತ. ಎಣ್ಣೆ ಹಚ್ಚುವಾಗ ಸಿಜೇರಿಯನ್ ಗಾಯದ ಮೇಲೆ ಕೈ ಹೋಗಬಾರದು, ಬಿಸಿನೀರನ್ನು ಅದರ ಮೇಲೆ ರಭಸದಿಂದ ಹೊಯ್ಯಲೂ ಬಾರದು. ಕರ್ಪೂರ, ಪುದೀನದ ಘಾಟು ಇರುವ ಬಾಮ್ ಎದೆಗೂ ಕುತ್ತಿಗೆಗೂ ಬೇಡ. ಕೂಸಿನ ಮೂಗು ಅಲ್ಲೇ ಇರುತ್ತದೆ.

ಬಾಣಂತಿ ಲೇಹ್ಯ, ಅರಿಷ್ಟ ನೋವಿನ ಮಾತ್ರೆಗೆ ಬದಲಿಯಲ್ಲ. ಅರಿಷ್ಟಗಳಲ್ಲಿ ಹುದುಗಿನಿಂದ ಬಂದ ಸ್ವಲ್ಪ ಆಲ್ಕೋಹಾಲ್ ಇರುತ್ತದೆ ಅನ್ನುವುದೂ ನೆನಪಿರಲಿ. ಕೋಣೆಯ ಬಾಗಿಲು, ಕಿಟಕಿ ಮುಚ್ಚಿ ಕೆಂಡದ ಅಗ್ಗಿಷ್ಟಿಕೆ ಇಡುವುದಂತೂ ಬೇಡವೇ ಬೇಡ. ಅದರ ಹೊಗೆಯಿಂದ ಬರುವ ತಲೆನೋವು ಮಾತ್ರೆಯಿಂದ ಹೋಗುವಂಥದ್ದಲ್ಲ, ಜೀವ ತೆಗೆಯುವಂಥದ್ದು.

ಹಂತ 7: ಕೂಸನ್ನು ನೋಡಿ

ಪ್ಯಾರಸಿಟಮಾಲ್, ಐಬುಪ್ರೊಫೆನ್ ತೆಗೆದುಕೊಂಡರೆ ಹಾಲು ಹಿಂಡಿ ಚೆಲ್ಲಬೇಕಿಲ್ಲ, ಗಂಟೆಗಟ್ಟಲೆ ಕಾಯಬೇಕಿಲ್ಲ. ಹಾಗೂ ಮನಸ್ಸು ಒಪ್ಪದಿದ್ದರೆ ಹಾಲು ಕೊಟ್ಟ ಕೂಡಲೇ ಮಾತ್ರೆ ನುಂಗಿ. ಕೂಸು ತಿಂಗಳು ತುಂಬದೆ ಹುಟ್ಟಿದ್ದರೆ ಅಥವಾ ಕಾಯಿಲೆಯಲ್ಲಿದ್ದರೆ ಮಕ್ಕಳ ಡಾಕ್ಟರನ್ನು ಒಂದು ಮಾತು ಕೇಳಿ. ಟ್ರಮಡಾಲ್‌ನಂಥದ್ದು ಕೊಟ್ಟಿದ್ದರೆ ಮಾತ್ರ ಕಣ್ಣಿಟ್ಟಿರಬೇಕು. ಕೂಸು ಎಬ್ಬಿಸಿದರೂ ಏಳುತ್ತಿಲ್ಲ, ಚೀಪುತ್ತಿಲ್ಲ, ಮೈ ಜೋಲು ಬಿದ್ದಿದೆ, ಉಸಿರು ತಡೆತಡೆದು ಬರುತ್ತಿದೆ ಅಂದರೆ ಬೆಳಗಾಗಲಿ ಅಂತ ಕಾಯದೆ ಹೊರಡಿ.

ಹಂತ 8: ಮಾತ್ರೆ ಇಳಿಸುವುದು

ಮೊದಲು ಬಲವಾದದ್ದನ್ನು ಬಿಡಿ, ಆಮೇಲೆ ಐಬುಪ್ರೊಫೆನ್, ಕೊನೆಗೆ ಪ್ಯಾರಸಿಟಮಾಲ್. ಸಹಜ ಹೆರಿಗೆಯಾದವರಿಗೆ ನಾಲ್ಕೈದು ದಿನದಲ್ಲೇ "ಬೇಕಾದಾಗ ಮಾತ್ರ" ಅನ್ನುವ ಹಂತ ಬರಬಹುದು. ಸಿಜೇರಿಯನ್ ಆದವರಿಗೆ ಒಂದೆರಡು ವಾರ. ಐಬುಪ್ರೊಫೆನ್ ಗುಂಪು ಒಂದು ವಾರ ದಾಟಿಯೂ ಬೇಕೇ ಬೇಕು ಅನ್ನಿಸಿದರೆ ಡಾಕ್ಟರಿಗೆ ತೋರಿಸಿ. ಆಸ್ಪತ್ರೆ ಹೆರಿಗೆಯಾದ ಮೇಲೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬರಬೇಕು. ಬಂದಾಗ ಕೂಸಿನ ತೂಕದ ಮಾತಷ್ಟೇ ಬೇಡ, ಡಬ್ಬಿ ತಂದಿಟ್ಟು "ಇದರಲ್ಲಿ ಯಾವುದು ಬಿಡಬಹುದು?" ಅಂತ ಕೇಳಿ.

ಹಂತ 9: ಮಾತ್ರೆಗೆ ಬಗ್ಗದ ನೋವು

ದಿನದಿಂದ ದಿನಕ್ಕೆ ಇಳಿಯಬೇಕಾದ ನೋವು ಏರುತ್ತಿದ್ದರೆ ಇನ್ನೊಂದು ಮಾತ್ರೆ ಹುಡುಕಬೇಡಿ, ಕಾರಣ ಹುಡುಕಿಸಿ. ಪ್ಯಾರಸಿಟಮಾಲ್ ಜ್ವರವನ್ನೂ ಇಳಿಸುವುದರಿಂದ ಒಳಗಿನ ನಂಜು ಮುಚ್ಚಿಹೋಗಬಹುದು. ಆದ್ದರಿಂದ ಮಾತ್ರೆ ಕೊಡುವ ಮುಂಚೆ ಥರ್ಮಾಮೀಟರ್ ಇಟ್ಟು ನೋಡಿ. 100.4 ಫ್ಯಾರನ್‌ಹೀಟ್ ಅಥವಾ ಮೇಲಿದ್ದರೆ ಆಸ್ಪತ್ರೆಗೆ ತಿಳಿಸಲೇಬೇಕು.

ತಲೆನೋವಿನಲ್ಲಿ ಎರಡು ಬಗೆ ಗೊತ್ತಿರಲಿ. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸಿಜೇರಿಯನ್ ಆದವರಿಗೆ ಎದ್ದು ಕೂತರೆ ಜೋರಾಗಿ, ಮಲಗಿದರೆ ಇಳಿಯುವ ತಲೆನೋವು ಬಂದರೆ ಅದು ಆ ಇಂಜೆಕ್ಷನ್‌ನಿಂದ ಇರಬಹುದು. ಆಸ್ಪತ್ರೆಯಲ್ಲಿ ಅದಕ್ಕೆ ಚಿಕಿತ್ಸೆ ಇದೆ. ಇನ್ನೊಂದು, ತಲೆ ಸಿಡಿಯುವ ನೋವು, ಕಣ್ಣು ಮಂಜು, ಮೇಲ್ಹೊಟ್ಟೆ ನೋವು, ಮುಖ ಕೈ ಊತ. ಇದು ಬಿಪಿಯದು. ಬಸುರಿಯಲ್ಲಿ ಬಿಪಿ ಇಲ್ಲದವರಿಗೂ ಹೆರಿಗೆಯಾಗಿ ಆರು ವಾರದೊಳಗೆ ಬರಬಹುದು. ಡೋಲೋ ಕೊಟ್ಟು ಮಲಗಿಸಬೇಡಿ, ಫಿಟ್ಸ್ ಬರುವ ಅಪಾಯ ಇರುತ್ತದೆ.

ಒಂದು ಗಂಟೆಯೊಳಗೆ ಪ್ಯಾಡ್ ಪೂರ್ತಿ ನೆನೆಯುವಷ್ಟು ರಕ್ತ, ಕೆಟ್ಟ ವಾಸನೆಯ ಸ್ರಾವ, ಗಾಯದಿಂದ ಕೀವು, ಒಂದೇ ಕಾಲಿನ ಮೀನಖಂಡದಲ್ಲಿ ಊತ ಮತ್ತು ನೋವು, ಎದೆನೋವು, ಉಸಿರು ಕಟ್ಟುವುದು, ಇವು ಯಾವುವೂ ನೋವಿನ ಮಾತ್ರೆಯ ವಿಷಯವಲ್ಲ. ಎದೆ ಕೆಂಪಾಗಿ ಜ್ವರ ಬಂದರೂ ತೋರಿಸಿ, ಹಾಲು ಕೊಡುವುದನ್ನು ಮಾತ್ರ ನಿಲ್ಲಿಸಬೇಡಿ.

ಸಲಹೆ ಬೇಕಿದ್ದರೆ 104, ಆಂಬುಲೆನ್ಸ್‌ಗೆ 108. ಮನೆಯೊಳಗೆ ಸಿಗ್ನಲ್ ಸಿಗದ ಊರಾದರೆ ಎಲ್ಲಿ ನಿಂತರೆ ಫೋನ್ ಹೋಗುತ್ತದೆ ಅಂತ ಮನೆಯವರೆಲ್ಲರಿಗೂ ಮೊದಲೇ ಗೊತ್ತಿರಲಿ. ಹತ್ತಿರದ ತಾಲ್ಲೂಕು ಆಸ್ಪತ್ರೆಗೇ ಹೋಗಿ, ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೇ ಹೋಗಿ, ತಾಯಿ ಕಾರ್ಡ್, ಡಿಸ್ಚಾರ್ಜ್ ಚೀಟಿ, ಗೀಟು ಎಳೆದ ಆ ಕ್ಯಾಲೆಂಡರ್ ಹಾಳೆ, ಮಾತ್ರೆಯ ಸ್ಟ್ರಿಪ್‌ಗಳು ಎಲ್ಲ ಒಂದೇ ಚೀಲದಲ್ಲಿ ಜೊತೆಗಿರಲಿ. ಖಾಲಿಯಾದ ಸ್ಟ್ರಿಪ್ಪೂ ಇರಲಿ.